ಅಕ್ಕನ ಬೆನ್ನಿನ ಗೋಡೆ

ಗಾರೆಯಜ್ಜ ತಾನು ಕಟ್ಟಿದ ಗೋಡೆಗಳಲ್ಲಿ ಹೆಮ್ಮೆಪಡುತ್ತಿದ್ದುದು ಒಂದರ ಬಗ್ಗೆ ಮಾತ್ರ. ಅಕ್ಕನ ಮಗನ ಬೇಕರಿಗೆ ಕಟ್ಟಿಕೊಟ್ಟ ಒಲೆಯ ಹಿಂಗೋಡೆ ಅದು. ಅದರ ಆಚೆ ಬದಿಗೆ ಅಕ್ಕನ ಕೋಣೆ. ಸದಾ ಬೆಚ್ಚಗಿರುವ ಆ ಗೋಡೆಗೆ ಒರಗಿ ಕೂತರೆ ಅವಳ ಬೆನ್ನುನೋವು ಇಳಿಯುತ್ತಿತ್ತು. ಬಂದವರ ಅಂಗೈಯನ್ನು ಗೋಡೆಗೆ ಒತ್ತಿಸಿ, ಕೆಲಸ ಅಂದರೆ ಹೀಗಿರಬೇಕು ಎಂದು ಅಜ್ಜ ಬೀಗುತ್ತಿದ್ದ. ಬೆಕ್ಕು ಕೂಡ ಮೆಚ್ಚಿ ಅಲ್ಲೇ ಮಲಗುತ್ತಿತ್ತು. ಅದರ ಸರ್ಟಿಫಿಕೇಟನ್ನೂ ಅಜ್ಜ ಗಂಭೀರವಾಗಿಯೇ ಸ್ವೀಕರಿಸಿದ್ದ.

ಬೇಕರಿಯ ಸೋದರಳಿಯ ಮಾತ್ರ, ಬನ್ನಿನ ಜೊತೆ ದೊಡ್ಡ ಬ್ರೆಡ್ಡನ್ನೂ ಶುರುಮಾಡಿದ ಮೇಲೆ, ಈಚೀಚೆಗೆ ಗೊಣಗತೊಡಗಿದ. ಎಷ್ಟು ಸೌದೆ ತುರುಕಿದರೂ ಬ್ರೆಡ್ಡಿಗೆ ಬಣ್ಣ ಹತ್ತುತ್ತಿಲ್ಲ, ಒಳಗೆಲ್ಲ ಹಸಿ ಹಿಟ್ಟು, ಗಿರಾಕಿಗಳು ಮುಖಕ್ಕೆ ಎಸೆಯುವುದೊಂದು ಬಾಕಿ. ಹೀಗೇ ಆದರೆ ಒಲೆ ಒಡೆಸಿ ಕರೆಂಟಿನದು ತರಿಸುತ್ತೇನೆ ಎಂದ. ಒಲೆ ಹೋದರೆ ಅಕ್ಕನ ಬೆನ್ನಿಗೆ ಗತಿಯೇನು? ಅಜ್ಜ ಬಾಯಿ ಹಾಕಿದ.

"ಬಿಸಿ ಎಲ್ಲೂ ಹೋಗಿಲ್ಲ ಕಣೋ. ಗೋಡೆ ದಾಟಿ ನಿಮ್ಮಮ್ಮನ ಕೋಣೇಲಿದೆ."

"ಹಾಗಾದ್ರೆ ಅಲ್ಲೇ ಬ್ರೆಡ್ ಬೇಯಿಸಿ ತೋರ್ಸು ಮಾವ."

ಅಲ್ಲಿಗೆ ಸುಮ್ಮನಾಗುವ ಬುದ್ಧಿ ಇದ್ದಿದ್ದರೆ ಅವನು ಗಾರೆಯಜ್ಜನೇ ಅಲ್ಲ. ನಾದಿದ ಹಿಟ್ಟನ್ನು ತಗಡಿನ ಡಬ್ಬಿಗೆ ಹಾಕಿ, ಅಕ್ಕನನ್ನು ಸ್ವಲ್ಪ ಸರಿಸಿ, ಡಬ್ಬಿಯನ್ನು ಗೋಡೆಗೆ ಒತ್ತಿ ಹಿಡಿದು ಕೂತ. ಮಧ್ಯಾಹ್ನದವರೆಗೂ ಕೂತ. ಹಿಟ್ಟು ಉಬ್ಬಿತು, ಡಬ್ಬಿಯಿಂದಾಚೆ ಇಣುಕಿತು, ಹುಳಿ ವಾಸನೆ ಹೊಡೆಯಿತು. ಬೇಯಲಿಲ್ಲ.

ಅಜ್ಜನಿಗೆ ಆಗ ಹೊಳೆಯಿತು. ಒಲೆಯೊಳಗೆ ಮೈಯೆಲ್ಲ ಕಸುವಾಗಿ ಉರಿಯುವ ಬಿಸಿ, ಇಟ್ಟಿಗೆಯಿಂದ ಇಟ್ಟಿಗೆಗೆ ಕೈ ಬದಲಾಯಿಸುತ್ತ ಬರುವಷ್ಟರಲ್ಲಿ ಆ ಕಸುವನ್ನು ದಾರಿಯಲ್ಲೇ ಚೆಲ್ಲಿಕೊಂಡಿರುತ್ತದೆ. ಬಿಸಿ ಅದೇ, ಆದರೆ ಈಚೆ ಬಂದ ಮೇಲೆ ಅದಕ್ಕೆ ಬೆನ್ನು ಕಾಯಿಸುವ ಯೋಗ್ಯತೆ ಮಾತ್ರ. ಅದನ್ನು ಬಾಚಿ ಮತ್ತೆ ಒಲೆಗೆ ತುಂಬುವುದು ಯಾವ ಮೇಸ್ತ್ರಿಯಿಂದಲೂ ಆಗದ ಮಾತು. ಇಷ್ಟು ವರ್ಷ ಕಂಡಕಂಡವರಿಗೆ ಅವನು ಮುಟ್ಟಿಸಿ ತೋರಿಸಿದ್ದು ಕೈಚಳಕವನ್ನಲ್ಲ, ಸೋರಿಕೆಯನ್ನು.

ದಾರಿ ಒಂದೇ ಇತ್ತು. ಕೋಣೆಯ ಕಡೆಯಿಂದ ಇನ್ನೊಂದು ಇಟ್ಟಿಗೆ ಗೋಡೆ ಕಟ್ಟಿ, ಬಿಸಿ ದಾಟದಂತೆ ನಡುವೆ ಬೂದಿ ತುಂಬಬೇಕು. ಒಲೆ ಉಳಿಯುತ್ತದೆ, ಅಕ್ಕನ ಗೋಡೆ ತಣ್ಣಗಾಗುತ್ತದೆ. ಅಜ್ಜ ತಲೆ ಕೆರೆದುಕೊಳ್ಳುತ್ತ ಅದನ್ನು ಅವಳಿಗೆ ಹೇಳಿದ.

"ಅಂದ್ರೆ ಇಷ್ಟು ವರ್ಷ ನಿನ್ನ ತಪ್ಪಿಗೆ ಒರಗಿಕೊಂಡು ಕೂತಿದ್ನಾ ನಾನು?"

"ಹೂಂ ಅಕ್ಕ."

"ಬೆಚ್ಚಗಿತ್ತು ಬಿಡು. ಹೋಗು, ಬೂದಿ ತುಂಬು. ಮಗನ ಅಂಗಡಿ ಉಳೀಲಿ."

ಅಜ್ಜ ಎರಡನೇ ಗೋಡೆ ಎಬ್ಬಿಸಿದ. ಅದನ್ನು ಯಾರಿಗೂ ಮುಟ್ಟಿ ನೋಡಿ ಎನ್ನಲಿಲ್ಲ. ಮುಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಒಲೆಯಿಂದ ಬಂದ ಮೊದಲ ಬ್ರೆಡ್ಡು ಕೆಂಪಗೆ ಬೆಂದಿತ್ತು. ಅಳಿಯ ಅದನ್ನು ಅಂಗಡಿಯ ಮುಂದಿಡುವ ಮೊದಲೇ ಅಜ್ಜ ಎತ್ತಿಕೊಂಡು, ಟವೆಲಿನಲ್ಲಿ ಸುತ್ತಿ, ಒಳಗೆ ಹೋಗಿ ಅಕ್ಕನ ಬೆನ್ನಿಗೆ ಕೊಟ್ಟ. ಗಿರಾಕಿಯ ಮಾಲು ಎಂದು ಅಳಿಯ ಹಿಂದಿನಿಂದ ಕೂಗುತ್ತಿದ್ದ. ಅಕ್ಕ ಕಣ್ಣು ಮುಚ್ಚಿ, ನಾಳೆ ಸ್ವಲ್ಪ ಉದ್ದದ್ದು ಮಾಡಿಸು ಎಂದಳು.

ಆರಿದ ಮೇಲೆ ಆ ಬ್ರೆಡ್ಡನ್ನು ಮಾರುವಂತಿರಲಿಲ್ಲ. ತಿನ್ನುವ ಶಿಕ್ಷೆ ಅಜ್ಜನ ಪಾಲಿಗೆ ಬಂತು, ಅಂದಿನಿಂದ ದಿನವೂ. ಬ್ರೆಡ್ಡಿಗೆ ಅಕ್ಕ ಬೆನ್ನಿಗೆ ಹಚ್ಚುವ ನೋವಿನೆಣ್ಣೆಯ ಘಾಟು. ಆದರೂ ಒಳಗೆ ಚೆನ್ನಾಗಿ ಬೆಂದಿರುತ್ತಿತ್ತು.