ಗೊತ್ತಿಲ್ಲದವಳಲ್ಲ, ಅಕ್ಕ

ಫೋನು ಟಿಂಗ್ ಅಂದ ಹಾಗಾಯಿತು, ಅಂದಿರಲಿಲ್ಲ, ಕತ್ತರಿ ಗುಂಡಿಯ ಡಬ್ಬಕ್ಕೆ ತಾಗಿದ್ದು ಅಷ್ಟೇ — ನಾಲ್ಕೂವರೆ, ಮಗಳು ಶಾಲೆಯಿಂದ ಮನೆ ಸೇರಿರುತ್ತಾಳೆ, ಮೊದಲಾದರೆ ಈ ಹೊತ್ತಿಗೆ ಹತ್ತು ಮೆಸೇಜು, ಅಮ್ಮಾ ಬಂದೆ, ಅಮ್ಮಾ ಅಜ್ಜಿ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತಿದ್ದಾಳೆ, ಮೂರು ದಿನದಿಂದ ಒಂದೂ ಇಲ್ಲ. ಹೊಲಿಗೆ ಅಂಗಡಿಯಲ್ಲಿ ಅಮ್ಮ ಇನ್ನೊಂದು ಅಂಗಿ ಎಳೆದುಕೊಂಡು ಕಾಜ ಹೊಲಿಯುತ್ತಾಳೆ, ಗೊತ್ತಿಲ್ಲದವರ ಹತ್ತಿರ ಮಾತಾಡಬೇಡ ಅಂತ ಫೋನು ಕೊಟ್ಟ ದಿನವೇ ಹೇಳಿರಲಿಲ್ಲವೇ, ಹೇಳಿದ್ದಳು, ಮಗಳು ಪಾಲಿಸಿಯೂ ಇದ್ದಳು. ಗೊತ್ತಿಲ್ಲದವಳಲ್ಲಮ್ಮ, ಅಕ್ಕ. ಬಸ್ಸಿನವನನ್ನು ಅಣ್ಣ ಅನ್ನು, ಹಣ್ಣಿನವಳನ್ನು ಅಕ್ಕ ಅನ್ನು ಅಂತ ಮಾತು ಕಲಿಸಿದವಳು ಯಾರು, ಫೋನಿನಲ್ಲಿ ಗೊಂಬೆಗೆ ಬಟ್ಟೆ ತೊಡಿಸುವ ಆಟದಲ್ಲಿ ಸಿಕ್ಕ ಮುಖವಿಲ್ಲದವಳೊಬ್ಬಳು ಅಕ್ಕ ಅನ್ನಿಸಿಕೊಂಡ ಕೂಡಲೇ ಮನೆಯವಳಾದಳು, ಅವಳೋ ಅವನೋ ಯಾರು ಬಲ್ಲರು, ಯೂನಿಫಾರ್ಮಲ್ಲಿ ಒಂದು ಫೋಟೊ ಕಳ್ಸು ಪುಟ್ಟಿ, ಅಮ್ಮಂಗೆ ಹೇಳ್ಬೇಡ. ಅದನ್ನೂ ಮಗಳೇ ತಂದು ತೋರಿಸಿದ್ದು, ಅಕ್ಕ ಯಾಕಮ್ಮ ನಿಂಗೆ ಹೇಳ್ಬೇಡ ಅಂತಾಳೆ — ಕೇಳಲು ಬಂದ ಮಗು, ಇವಳೋ ಫೋನು ಕಿತ್ತುಕೊಂಡು, ಬುದ್ಧಿ ಇದ್ಯಾ ನಿಂಗೆ ಎಂದು ಕೂಗಾಡಿ, ಆ ಅಕ್ಕನನ್ನು ಬ್ಲಾಕ್ ಮಾಡಿ, ಇದ್ದ ಮಾತನ್ನೆಲ್ಲ ಅಳಿಸಿ ಹಾಕಿ, ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಫೋಟೊ ಹೋಗಿತ್ತೋ ಇಲ್ಲವೋ ಈಗ ಬಲ್ಲವಳು ಮಗಳೊಬ್ಬಳೇ, ಅವಳು ಬಾಯಿ ಬಿಡುವುದಿಲ್ಲ, ಬಡಿಸಿದ್ದನ್ನು ತಿಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ಮಗಳ ಬಾಯಿಗೆ ನೀನೇ ಗುಂಡಿ ಹೊಲ್ದಿದ್ದೀಯ ಕಣೇ, ಕಾಜನೂ ಬಿಡದೆ, ಎಂದಿದ್ದಳು ಇಸ್ತ್ರಿ ಮಾಡುವ ಗೆಳತಿ, ನಗುತ್ತಲೇ, ಅವಳ ನಗು ಯಾವತ್ತೂ ಹಾಗೆಯೇ, ಇಸ್ತ್ರಿಗಿಂತ ಬಿಸಿ, ನೀನು ಊಟಕ್ಕೆ ಕೂತಾಗ ಫೋನು ಕೆಳಗಿಟ್ಟಿದ್ದು ನಾನಂತೂ ನೋಡಿಲ್ಲ. ನಿಜ, ಮಗಳು ಕ್ಲಾಸಿನ ಕಥೆ ಹೇಳುವಾಗೆಲ್ಲ ಇವಳು ಫೋನಿನ ಪರದೆ ಉಜ್ಜುತ್ತಾ ಹೂಂ, ಹೂಂ, ಯಾವ ಕಥೆ ಎಲ್ಲಿ ಮುಗಿಯಿತು ಒಂದೂ ನೆನಪಿಲ್ಲ, ಆ ಅಕ್ಕ ಮಾತ್ರ ಆಮೇಲೆ ಏನಾಯ್ತು ಅಂತ ಕೇಳುತ್ತಿದ್ದಳಂತೆ, ಆಮೇಲೆ ಏನಾಯ್ತು, ಎಷ್ಟು ಸಣ್ಣ ಮಾತು, ಅದಕ್ಕೇನು ಖರ್ಚಿತ್ತು. ಇವತ್ತು ಬೆಳಿಗ್ಗೆ ಫೋನನ್ನು ಬೀರುವಿನಿಂದ ತೆಗೆದು ಮಗಳ ತಟ್ಟೆಯ ಪಕ್ಕ ಇಟ್ಟು ಬಂದಿದ್ದಾಳೆ.

ಮಷೀನು ನಿಲ್ಲಿಸಿದಳು. ಫೋಟೊ ಕಳ್ಸಿದ್ಯಾ ಅಂತ ಬರೆದು ಅಳಿಸಿದಳು, ಪೊಲೀಸರ ಹಾಗೆ, ಹೋಮ್‌ವರ್ಕ್ ಆಯ್ತಾ, ಅದೂ ಬೇಡ, ದಾರ ಸುತ್ತಿಕೊಂಡ ಬೆರಳಲ್ಲೇ ಮತ್ತೆ ಬರೆದಳು, ನೀನು ಬಂದು ಹೇಳಿದ್ದು ಸರಿ ಪುಟ್ಟಾ, ಕೂಗಿದ್ದು ನನ್ನ ತಪ್ಪು, ಏನಾಗಿದ್ರೂ ಇಬ್ರೂ ಸೇರಿ ಸರಿ ಮಾಡೋಣ, ಆಮೇಲೆ ಏನಾಯ್ತು ಹೇಳು, ಪೂರ್ತಿ ಕೇಳ್ತೀನಿ. ಕಳಿಸಿದಳು. ಓದಿದ ಗುರುತು ಬಿತ್ತು. ಪರದೆಯ ತಳದಲ್ಲಿ ಮೂರು ಚುಕ್ಕಿ ಎದ್ದವು, ಒಂದರ ಹಿಂದೊಂದು ಕುಣಿದವು, ಬರೀತಿದ್ದಾಳೆ — ನಿಂತವು. ಏನೇ, ಹೊಲಿಗೆ ಮರೆತ್ಯಾ, ಎಂದಳು ಇಸ್ತ್ರಿಯವಳು, ಹಬೆ ಬುಸ್ಸೆಂದಿತು, ಅಳಿಸಿದಳೋ, ಅಳುತ್ತಿದ್ದಾಳೋ, ಮತ್ತೆ ಮೂರು ಚುಕ್ಕಿ, ಇಷ್ಟು ಹೊತ್ತು ಬರೀತಾಳೆ ಅಂದರೆ ಉದ್ದ ಇದೆ, ಉದ್ದ ಇರಲಿ, ಇಡೀ ಸಂಜೆ ಇರಲಿ, ನಿಂತವು, ಎದ್ದವು, ಮೂರು ಚುಕ್ಕಿ, ಮೂರು ಚುಕ್ಕಿ