ಮೊಣಕಾಲು ನೋವಿನ ಟೀಚರಮ್ಮ

"ಬಾಗಿಲ ಕಡೆ ತಿರುಗಿಸೋ, ಬಾಗಿಲ ಕಡೆ! ಗೋಡೆಗೆ ಹೊಡೀತಿದ್ಯಲ್ಲೋ, ತೋಪು ಅನ್ಕೊಂಡ್ಯಾ ಇದನ್ನ?" ಎಂದು ಪಕ್ಕದ ಮನೆಯ ಟೈಲರ್ ಏದುಸಿರು ಬಿಟ್ಟ.

ದುರ್ಬೀನಿನ ಒಂದು ತುದಿ ಟೈಲರನ ಎದೆಯ ಮೇಲಿತ್ತು. ಇನ್ನೊಂದು ತುದಿಯನ್ನು, ಎಲ್ಲರೂ ಡೈಲಾಗು ಎಂದೇ ಕರೆಯುವ ಹುಡುಗ, ಮಗುವನ್ನು ಎತ್ತಿಕೊಂಡ ಹಾಗೆ ತಬ್ಬಿ ಹಿಡಿದಿದ್ದ. ಮಾವನ ಶವದ ಪೆಟ್ಟಿಗೆ ಇಡಲು ಹಜಾರದಲ್ಲಿ ಜಾಗ ಬೇಕಿತ್ತು. ಇಷ್ಟು ವರ್ಷ ಅಲ್ಲಿ ಹೊಸ ಅಳಿಯನ ಹಾಗೆ ಕಾಲು ಚಾಚಿಕೊಂಡಿದ್ದ ದುರ್ಬೀನು ಈಗ ಹಿಂದಿನ ಕೋಣೆಗೆ ಹೋಗಬೇಕಿತ್ತು.

"ತೋಪಾಗಿದ್ರೆ ಮೊದಲು ನಿನ್ ಕಡೆಗೇ ತಿರುಗಿಸ್ತಿದ್ದೆ ಟೈಲರಣ್ಣ" ಎಂದು ಡೈಲಾಗಿನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸಾವಿನ ಮನೆಯಲ್ಲೂ ಅವನ ಬಾಯಿಗೆ ರಜೆಯಿಲ್ಲ.

ಅವನ ನಿಜವಾದ ಹೆಸರು ಅಮ್ಮನಿಗೂ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಒಂದು ಸಿನಿಮಾ ನೋಡಿ ಬಂದರೆ ಹೀರೋ, ವಿಲನ್, ವಿಲನ್ನಿನ ಅಜ್ಜಿ, ಎಲ್ಲರನ್ನೂ ಒಬ್ಬನೇ ಮಾತಾಡಿ ತೋರಿಸುವವನು. ಈಗ ಅದೇ ಅವನ ಹೊಟ್ಟೆಪಾಡು. ಡಬ್ಬಿಂಗ್ ಸ್ಟುಡಿಯೊದಲ್ಲಿ ಜಗಳ ಬಿಡಿಸುವವರ ಕೂಗು, ಆಸ್ಪತ್ರೆಯ ದೃಶ್ಯದ ಅಳು, ಬೀದಿಯ ಮುದುಕಿಯರ ಗೊಣಗಾಟ, ಎಲ್ಲ ಅವನ ಪಾಲಿಗೆ. ಮುದುಕಿಯರ ದನಿಯಲ್ಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ.

ದುರ್ಬೀನನ್ನು ಕಿಟಕಿಯ ಬದಿಗೆ ಒರಗಿಸಿ ಹೊರಗೆ ಬಂದರೆ ಅಕ್ಕ ನಿಂತಿದ್ದಳು. ಮಾವನ ಒಬ್ಬಳೇ ಮಗಳು. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು, ಪಕ್ಕದಲ್ಲಿ ಕೂತವನು ಲಾರಿಗೆ ಗುದ್ದಲು ಹೊರಟರೂ ದನಿ ಎತ್ತದವಳು. ಅವಳ ಕೈಯಲ್ಲಿ ಮಾವನ ಫೋನಿತ್ತು.

"ಸ್ವಿಚ್ ಆಫ್ ಅಂತಾನೇ ಬರ್ತಿದೆ ಕಣೋ" ಎಂದಳು.

"ಯಾರ್ದಕ್ಕಾ?"

"ಟೀಚರಮ್ಮಂದು. ಆಸ್ಪತ್ರೆಗೆ ಸೇರಿಸಿದಾಗಿಂದ ಮಾಡ್ತಾನೇ ಇದೀನಿ."

ಡೈಲಾಗು ಎಡಗೈಯಿಂದ ತನ್ನ ಪ್ಯಾಂಟಿನ ಜೇಬನ್ನು ಒತ್ತಿ ಹಿಡಿದ. ಅಲ್ಲಿ ಅವನ ಫೋನಿತ್ತು. ಅದರಲ್ಲಿ ಎರಡು ಸಿಮ್ ಇದ್ದವು. ಮಾವ ಆಸ್ಪತ್ರೆ ಸೇರಿದ ದಿನವೇ ಎರಡನೆಯದನ್ನು ಅವನು ಆಫ್ ಮಾಡಿದ್ದ.

*

ಮೊದಲ ಸಲ ಅದು ಬರೀ ತಮಾಷೆ. ಸ್ಟುಡಿಯೊದಲ್ಲಿ ಕರೆಂಟು ಹೋಗಿತ್ತು, ಗೆಳೆಯರೆಲ್ಲ ಆಕಳಿಸುತ್ತ ಕೂತಿದ್ದರು. ಡೈಲಾಗು ಮುದುಕಿಯ ದನಿ ಮಾಡಿಕೊಂಡು ಹೊಸ ಸಿಮ್ಮಿನಿಂದ ಮಾವನಿಗೆ ಫೋನ್ ಹಚ್ಚಿದ. ಮಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ನಿವೃತ್ತನಾದವನು. ತಾನೇ ಉಜ್ಜಿದ ಕನ್ನಡಿ ಕೂರಿಸಿ ದುರ್ಬೀನು ಮಾಡಿಕೊಂಡು, ತಿಂಗಳಿಗೊಂದು ಶನಿವಾರ ಲೈಬ್ರರಿಯ ಮಹಡಿಯ ಮೇಲೆ ಬಂದವರಿಗೆಲ್ಲ ಆಕಾಶ ತೋರಿಸುತ್ತಿದ್ದ. ಬರುವವರು ಮೊದಲೇ ಫೋನ್ ಮಾಡಿ ಹೆಸರು ಹೇಳಬೇಕು, ಅಷ್ಟೇ.

"ಹಲೋ, ನಕ್ಷತ್ರ ತೋರ್ಸೋ ಸಾರಾ? ನಾನು ರಿಟೈರ್ಡ್ ಟೀಚರು. ಒಂದು ಡೌಟು ಸಾರ್. ಹಗಲು ಸೂರ್ಯನ್ನ ನೋಡಿದ್ರೆ ಕಣ್ಣು ಹೋಗತ್ತೆ ಅಂತೀರಲ್ಲ, ರಾತ್ರಿ ನೋಡಬಹುದಾ?"

ಗೆಳೆಯರು ಬಾಯಿಗೆ ಕರ್ಚೀಫು ತುರುಕಿಕೊಂಡರು. ಮಾವನಿಂದ ಈಗ ಬೈಗುಳದ ಮಳೆ ಎಂದು ಡೈಲಾಗು ಕಾದ.

ಮಾವ ನಗಲೂ ಇಲ್ಲ, ಬೈಯಲೂ ಇಲ್ಲ. "ಒಳ್ಳೇದು ಕೇಳಿದ್ರಿ ಅಮ್ಮ. ರಾತ್ರಿ ನಾವು ನೋಡೋದೆಲ್ಲ ಸೂರ್ಯಂದಿರನ್ನೇ. ದೂರ ಇದಾರೆ, ಅದಕ್ಕೆ ಕಣ್ಣಿಗೆ ಏನೂ ಮಾಡಲ್ಲ. ಶನಿವಾರ ಬನ್ನಿ, ಒಬ್ಬೊಬ್ಬರನ್ನೇ ತೋರಿಸ್ತೀನಿ."

"ಮೊಣಕಾಲು ನೋವು ಸಾರ್. ಮೆಟ್ಟಿಲು ಹತ್ತಕ್ಕಾಗಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮರುವಾರ ಮಾವನೇ ಆ ನಂಬರಿಗೆ ಫೋನ್ ಮಾಡಿದ. "ಮೊಣಕಾಲು ಹೇಗಿದೆ ಅಮ್ಮ?"

ಹೀಗೆ ಶುರುವಾಯಿತು. ಟೀಚರಮ್ಮ ಹೆಸರು ಕೊಡುವುದು, ಶನಿವಾರ ಬೆಳಿಗ್ಗೆ ಮೊಣಕಾಲು ಕೈಕೊಡುವುದು. ಮಾವ ಅವಳಿಗೆ ಚಂದ್ರ ಯಾಕೆ ಒಂದೇ ಮುಖ ತೋರಿಸುತ್ತಾನೆ ಎಂದು ವಿವರಿಸುತ್ತಿದ್ದ. ಹೆಂಡತಿ ಹೋದ ಮೇಲೆ ಸಂಜೆ ಮನೆಯಲ್ಲಿ ಕೂರಲಾಗದೆ ಮೊದಲ ಸಲ ಮಹಡಿ ಹತ್ತಿದ್ದನ್ನೂ ಒಮ್ಮೆ ಹೇಳಿದ್ದ. ಮನೆಯಲ್ಲಿ ಯಾರಿಗೂ ಹೇಳದ ಮಾತು. ಫೋನಿನ ಈಚೆ ತುದಿಯಲ್ಲಿ ಡೈಲಾಗು "ಹೂಂ ಸಾರ್, ಹೂಂ ಸಾರ್" ಎನ್ನುತ್ತ ಗೆಳೆಯರಿಗೆ ಕಣ್ಣು ಹೊಡೆಯುತ್ತಿದ್ದ.

"ನೀನೂ ಒಂದ್ಸಲ ಬಾರೋ ಮಹಡಿಗೆ" ಎಂದು ಮಾವ ಅವನನ್ನೂ ಕರೆಯುತ್ತಿದ್ದ.

"ನಾನೇ ಸ್ಟಾರು ಮಾವ. ನನ್ನ ನೋಡಕ್ಕೆ ನೀನು ಬಾ" ಎನ್ನುತ್ತಿದ್ದ. ಒಂದು ಸಲವೂ ಹೋಗಲಿಲ್ಲ.

*

ಪೆಟ್ಟಿಗೆ ಹಜಾರಕ್ಕೆ ಬಂತು. ಬಂದವರು ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತರು. ಮಾವನ ಮುಖ ಯಾರದೋ ಪ್ರಶ್ನೆ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು.

"ನಿಮ್ಮಪ್ಪ ಸುಮ್ನೆ ಇದ್ದೋರಲ್ಲ ಬಿಡಮ್ಮ" ಎಂದು ಟೈಲರ್ ಮೆಲ್ಲಗೆ ಹೇಳಿದ. "ಸಾಯಂಕಾಲ ಆದ್ರೆ ಮೆಟ್ಟಿಲ ಮೇಲೆ ಕೂತ್ಕೊಂಡು ಆ ಟೀಚರಮ್ಮನ ಜೊತೆ ಫೋನಲ್ಲಿ ಒಂದೇ ಸಮ ಮಾತು. ಹೊಸ ಷರ್ಟು ಬೇರೆ ಹೊಲಿಸಿದ್ರು."

"ನಮ್ಮಣ್ಣ ಬಣ್ಣದ ಷರ್ಟು ಹಾಕಿದ್ದು ಅತ್ತಿಗೆ ಹೋದ್ಮೇಲೆ ಅದೇ ಮೊದಲು" ಎಂದಳು ಡೈಲಾಗಿನ ಅಮ್ಮ. ಅಳುವಿನ ನಡುವೆಯೂ ಅವಳ ಮುಖದಲ್ಲಿ ಒಂದು ನಗು ಹಾದುಹೋಯಿತು. "ಯಾರಾದ್ರೂ ಆಗ್ಲಿ ಕಣೇ, ಮನಸ್ಸಿಗೊಂದು ಜೊತೆ ಸಿಕ್ಕಿತ್ತಲ್ಲ."

ಆ ಷರ್ಟನ್ನೇ ಮಾವನಿಗೆ ತೊಡಿಸಿದ್ದರು. ತಿಳಿನೀಲಿ. ಡೈಲಾಗು ಅದನ್ನು ನೋಡದೆ ನೆಲದ ಹಾಸುಗಲ್ಲನ್ನು ನೋಡಿದ.

ಲೈಬ್ರರಿ ಮೇಡಮ್ ಹೂವು ಇಟ್ಟು ಅಕ್ಕನ ಪಕ್ಕ ಕೂತರು. "ಆ ಶನಿವಾರ ನಾನೇ ಹೇಳ್ದೆ ಕಣಮ್ಮ, ಸಾರ್, ಮೋಡ ಇದೆ, ಗಾಳಿ ಬೇರೆ, ಇವತ್ತು ಬೇಡ ಅಂತ. ಕೇಳಬೇಕಲ್ಲ. ಒಬ್ಬರು ಹೆಸರು ಕೊಟ್ಟಿದ್ರೂ ಕಾರ್ಯಕ್ರಮ ಕಾರ್ಯಕ್ರಮಾನೇ ಅಂದ್ರು. ಬೇರೆ ಯಾರೂ ಇರ್ಲಿಲ್ಲ, ಆ ಟೀಚರ್ ಒಬ್ರೇ. ದುರ್ಬೀನು ಮನೆಯೊಳಗಿನ ಬಿಸಿ ಬಿಟ್ಟು ಹೊರಗಿನ ತಂಪಿಗೆ ಆರಬೇಕಂತೆ, ಇಲ್ದಿದ್ರೆ ನೋಡಿದ್ದೆಲ್ಲ ನಡುಗುತ್ತಂತೆ. ಅದಕ್ಕೆ ಯಾವಾಗ್ಲೂ ಬೇಗ ಹೊತ್ಕೊಂಡು ಹೋಗಿ ಪಕ್ಕದಲ್ಲೇ ಕೂರೋರು. ಅವತ್ತೂ ಕೂತ್ರು. ಬರೀ ಷರ್ಟಲ್ಲಿ. ಕೋಟು ಹಾಕ್ಕೊಳಿ ಅಂದ್ರೆ ನಾಚ್ಕೊಂಡ್ರು."

ಮೇಡಮ್ ಮೂಗು ಒರೆಸಿಕೊಂಡರು. "ಆಯಮ್ಮನಿಗೋಸ್ಕರ ಮೆಟ್ಟಿಲಿಗೆ ಕಂಬಿ ಹಾಕಿಸಿದ್ರು. ನಮ್ಮ ಆಫೀಸಿಗೆ ಅಲೆದೂ ಅಲೆದೂ. ಈಗ ಎಲ್ಲ ಮುದುಕರೂ ಅದನ್ನೇ ಹಿಡ್ಕೊಂಡು ಹತ್ತುತಾರೆ. ಆಯಮ್ಮ ಒಬ್ರು ಬಿಟ್ಟು."

ಡೈಲಾಗು ನೀರು ಕುಡಿಯುವ ನೆಪದಲ್ಲಿ ಎದ್ದ.

*

ಆ ಕೊನೆಯ ಫೋನು ಗೆಳೆಯನ ಹುಟ್ಟುಹಬ್ಬದ ದಿನದ್ದು. ಕೇಕು ಕತ್ತರಿಸಿ ಆಗಿತ್ತು, ಮಾತು ಸಪ್ಪೆಯಾಗಿತ್ತು. "ಲೋ, ಟೀಚರಮ್ಮನ ದನಿ ಬಿಡೋ" ಎಂದು ಯಾರೋ ಕೂಗಿದರು. ಡೈಲಾಗು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ.

"ಸಾರ್, ಈ ಶನಿವಾರ ಬಂದೇ ಬರ್ತೀನಿ. ಮೊಣಕಾಲಿಗೆ ವಾರ್ನಿಂಗ್ ಕೊಟ್ಟಿದೀನಿ. ಇದು ನನ್ನ ಚಾಲೆಂಜು!"

ಕೊನೆಯ ಮಾತನ್ನು ವಿಲನ್ನಿನ ಧಾಟಿಯಲ್ಲೇ ಹೊಡೆದಿದ್ದ. ಗೆಳೆಯರು ಸೋಫಾದ ಮೇಲೆ ಬಿದ್ದು ಹೊರಳಾಡಿದರು.

ಆ ಕಡೆಯಿಂದ ಮಾವನ ದನಿ, ಹರಿದುಹೋಗುವಷ್ಟು ತೆಳ್ಳಗೆ: "ನಿಜವಾಗ್ಲೂ ಬರ್ತೀರಾ ಅಮ್ಮ?"

ಅದಕ್ಕೂ ನಕ್ಕಿದ್ದರು. ಡೈಲಾಗೂ ನಕ್ಕಿದ್ದ. ಶನಿವಾರ ಬೆಳಿಗ್ಗೆ ಎಂದಿನ ಹಾಗೆ ಮೊಣಕಾಲು ನೋವೆಂದು ಹೇಳಬೇಕಿತ್ತು. ಅವತ್ತು ಹೊಸ ಸಿನಿಮಾ ಬಿಡುಗಡೆಯಾಗಿತ್ತು. ಟಿಕೆಟಿನ ಗದ್ದಲದಲ್ಲಿ ಮರೆತೇಹೋಯಿತು.

*

ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಹೊರಡೋಣ್ವಾ ಮೇಡಮ್? ಚಿತಾಗಾರದಲ್ಲಿ ನಮ್ಮ ಸರದಿ ತಪ್ಪಿದ್ರೆ ಆಮೇಲೆ ಕಾಯ್ಬೇಕಾಗತ್ತೆ."

"ಇಲ್ಲ" ಎಂದಳು ಅಕ್ಕ. ದನಿ ಎತ್ತಲಿಲ್ಲ. "ಅವರಿಗೆ ಒಂದು ಮಾತು ಮುಟ್ಟಿಸ್ದೆ ಅಪ್ಪನ್ನ ಎತ್ತಲ್ಲ."

"ಏನೇ ಅಂಥ ಮಾತು?" ಎಂದಳು ಅಮ್ಮ.

"ಅಪ್ಪ ಅವತ್ತು ಚಳಿ ತಡೀದೆ ಬಿಸಿನೀರು ಕುಡಿಯಕ್ಕೆ ಅಂತ ಒಂದ್ನಿಮಿಷ ಕೆಳಗೆ ಹೋಗಿದ್ರಂತೆ. ಅಷ್ಟರಲ್ಲಿ ಟೀಚರಮ್ಮ ಅಷ್ಟೂ ಮೆಟ್ಟಿಲು ಹತ್ತಿ ಬಂದು, ಯಾರೂ ಇಲ್ಲ ಅಂತ ವಾಪಸ್ ಹೋದ್ರು ಅಂತ ಅವರ ತಲೇಲಿ ಕೂತ್ಬಿಟ್ಟಿತ್ತು. ಅದಕ್ಕೇ ಸಿಟ್ಟಾಗಿ ಫೋನ್ ಆಫ್ ಮಾಡಿದಾರೆ ಅಂತ. ಜ್ವರದಲ್ಲಿ ಉಸಿರಾಡಕ್ಕಾಗ್ತಿಲ್ಲ, ಆದ್ರೂ ಅದೇ ಮಾತು. ಅವರ ಹತ್ರ ಕ್ಷಮೆ ಕೇಳು, ತಪ್ಪು ನಂದು, ಕ್ಷಮೆ ಕೇಳು ಅಂತ." ಅವಳು ಮತ್ತೆ ಫೋನಿನ ಗುಂಡಿ ಒತ್ತಿದಳು. "ನಾನು ಕೇಳ್ತೀನಿ ಅಂತ ಮಾತು ಕೊಟ್ಟಿದೀನಿ."

ಡೈಲಾಗು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದೇ ಮಾತು, ಕ್ಷಮಿಸಿದೆ ಅಂದು ಇಟ್ಟುಬಿಡುವುದು, ಆಮೇಲೆ ಈ ಸಿಮ್ಮನ್ನು ಮುರಿದು ಚರಂಡಿಗೆ ಎಸೆಯುವುದು. ಎರಡನೆಯ ಸಿಮ್ ಆನ್ ಮಾಡಿದ. ಶಬ್ದ ಮಾಡದಂತೆ ಇಟ್ಟ ಫೋನು ಅಂಗೈಯಲ್ಲಿ ಜೀವ ಬಂದ ಹಾಗೆ ಅದುರಿತು.

"ಹಲೋ" ಎಂದಳು ಟೀಚರಮ್ಮ, ಪಿಸುಗುಟ್ಟುವಷ್ಟು ಮೆಲ್ಲಗೆ.

ಗೋಡೆಯಾಚೆ ಅಕ್ಕ ಉಸಿರು ಎಳೆದುಕೊಂಡದ್ದು ಅವನಿಗೆ ಫೋನಿನಲ್ಲೂ ಕೇಳಿಸಿತು, ಗೋಡೆಯಲ್ಲೂ ಕೇಳಿಸಿತು. "ನಾನು ನಕ್ಷತ್ರ ತೋರ್ಸೋ ಸಾರ್ ಮಗಳು ಅಮ್ಮ. ಅಪ್ಪ ಹೋಗ್ಬಿಟ್ರು."

ಎಷ್ಟೋ ಸಾವುಗಳಿಗೆ ದುಡ್ಡು ತೆಗೆದುಕೊಂಡು ಅತ್ತಿದ್ದವನಿಗೆ ಒಂದು "ಅಯ್ಯೋ" ಕೂಡ ಹೊರಡಲಿಲ್ಲ.

ಅಕ್ಕ ಎಲ್ಲವನ್ನೂ ಹೇಳಿದಳು. ಕಡೆಗೆ, "ಕ್ಷಮಿಸಿದೀನಿ ಅಂತ ಒಂದ್ಮಾತು ಹೇಳಿ ಅಮ್ಮ. ನನಗಲ್ಲ, ಅವರಿಗೆ. ಸ್ಪೀಕರ್ ಹಾಕಿ ಅವರ ಕಿವಿ ಹತ್ರ ಹಿಡೀತಿದೀನಿ. ಹೇಳಿ."

ಹಜಾರದಲ್ಲಿ ಕುರ್ಚಿಗಳು ಸದ್ದು ನಿಲ್ಲಿಸಿದವು.

ಕ್ಷಮಿಸಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಂಟಿಕೊಂಡಿತು. ಅದನ್ನು ಹೇಳಿದರೆ ಮಾವ ತಪ್ಪು ಮಾಡಿದ್ದ ಎಂದೇ ಆಗುತ್ತದೆ.

"ಸಾರ್" ಎಂದಳು ಟೀಚರಮ್ಮ. "ನಾನು ಅವತ್ತು ಬರ್ಲೇ ಇಲ್ಲ ಸಾರ್. ನೀವು ಯಾರನ್ನೂ ವಾಪಸ್ ಕಳಿಸ್ಲಿಲ್ಲ. ಬರ್ತೀನಿ ಅಂತ ಸುಮ್ನೆ ಅಂದಿದ್ದು. ನಾನು... ಸಿನಿಮಾಕ್ಕೆ ಹೋಗಿದ್ದೆ."

ಗೋಡೆಯಾಚೆಯಿಂದ ಅದೇ ಮಾತು ಅರೆಗಳಿಗೆ ತಡವಾಗಿ, ಸ್ಟುಡಿಯೊದಲ್ಲಿ ಕೇಳಿಸುವ ಹಾಗೆ, ಅವನಿಗೇ ವಾಪಸು ಕೇಳಿಸಿತು.

"ಬರ್ಲೇ ಇಲ್ವಾ?" ಎಂದಳು ಅಕ್ಕ. ಮೊದಲ ಸಲ ಅವಳ ದನಿ ಏರಿತು. "ಚಳೀಲಿ ಕೂತಿದ್ರಲ್ರೀ ಅವರು! ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಮಗೆ? ಕೈ ಸೇದಿಹೋಗಿತ್ತಾ?"

ಡೈಲಾಗು ಅಂಗಿಯ ತೋಳನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ.

ಆಮೇಲೆ ಅಕ್ಕ ಮತ್ತೆ ಮಾಮೂಲಿ ದನಿಗೆ ಇಳಿದಳು. ಸ್ಟೇರಿಂಗ್ ಹಿಡಿದವರಿಗೆ ದಾರಿ ಹೇಳುವ ದನಿ. "ಇನ್ನೂ ಇಲ್ಲೇ ಇದಾರೆ. ಲೈಬ್ರರಿ ಹಿಂದಿನ ಬೀದಿ, ಬಸ್ ಸ್ಟಾಪಿಂದ ನಾಕನೇ ಮನೆ. ಈಗ್ಲಾದ್ರೂ ಬನ್ನಿ. ವ್ಯಾನ್ ನಿಲ್ಲಿಸಿರ್ತೀನಿ. ಬರ್ತೀರಲ್ಲ?"

"ಬರ್ತೀನಿ" ಎಂದಿತು ಅವನ ಬಾಯಿ.

*

ಬಾಗಿಲು ತೆರೆದು ಬಂದಾಗ ಅಕ್ಕ ಅವನ ಕೆಂಪು ಕಣ್ಣು ನೋಡಿ ಹತ್ತಿರ ಎಳೆದುಕೊಂಡಳು. "ಅಳ್ಬೇಡ್ವೋ. ಅಪ್ಪಂಗೆ ನಿನ್ನ ಕಂಡ್ರೆ ಎಷ್ಟು ಇಷ್ಟ ಗೊತ್ತಾ? ಮನೇಲಿ ನಗಿಸೋನು ಅಂದ್ರೆ ಅವನೊಬ್ನೇ ಅಂತಿದ್ರು."

"ಅಕ್ಕಾ, ನಾನು..."

"ಆಮೇಲೆ ಹೇಳು. ಟೀಚರಮ್ಮ ಬರ್ತಿದಾರಂತೆ. ಮೊಣಕಾಲು ಸರಿ ಇಲ್ಲ, ಸ್ಟಾಪಿಂದ ಒಬ್ರೇ ನಡೆಯಕ್ಕಾಗಲ್ಲ. ಹೋಗಿ ಕೈಹಿಡ್ಕೊಂಡು ಕರ್ಕೊಂಡ್ ಬಾ. ಒಂದು ಮಾತೂ ಆಡ್ಬೇಡ ಅವರಿಗೆ. ವಯಸ್ಸಾದೋರು."

ಅವನು ನಡೆದ. ವ್ಯಾನಿನ ಡ್ರೈವರ್ ಬಾನೆಟ್ಟಿಗೆ ಒರಗಿ, "ಬೇಗ ಗುರೂ" ಎಂದ. ದಿನಾ ಹತ್ತು ಮಾತಿಗೆ ಇಪ್ಪತ್ತು ಮಾತು ಎಸೆಯುತ್ತಿದ್ದ ಡೈಲಾಗು ತಲೆಯಾಡಿಸಿ ಮುಂದೆ ಹೋದ.

ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಯಾರೂ ಇಳಿಯಲಿಲ್ಲ.

"ಹತ್ತುತೀರಾ?" ಎಂದ ಬಸ್ಸಿನವನು.

ಇಲ್ಲವೆಂದು ಕೈಯಾಡಿಸಿದ. ಬಸ್ಸು ಹೋಯಿತು.

ಅವನು ಹಿಂದೆ ತಿರುಗಿದ. ಮನೆಯ ಮುಂದೆ ಎಲ್ಲರೂ ಹೊರಗೆ ಬಂದು ನಿಂತಿದ್ದರು. ಅಮ್ಮ, ಟೈಲರ್, ಲೈಬ್ರರಿ ಮೇಡಮ್, ವ್ಯಾನಿನವನು. ಎಲ್ಲರಿಗಿಂತ ಮುಂದೆ ಅಕ್ಕ, ಬಿಸಿಲಿಗೆ ಹುಬ್ಬಿನ ಮೇಲೆ ಕೈ ಹಿಡಿದು ಅವನನ್ನೇ ನೋಡುತ್ತಿದ್ದಳು. ಬಂದರಾ ಎಂದು ಇನ್ನೊಂದು ಕೈಯಿಂದ ಸನ್ನೆ ಮಾಡಿದಳು.

ಡೈಲಾಗು ಕೈ ಎತ್ತಿ, ಬೆರಳುಗಳನ್ನು ಒಂದಕ್ಕೊಂದು ಸಮೀಪ ತಂದು, ಇನ್ನು ಸ್ವಲ್ಪ ಎಂದು ತೋರಿಸಿದ. ಆಮೇಲೆ ರಸ್ತೆಯ ಕಡೆಗೆ ತಿರುಗಿ, ತಾನೂ ಹುಬ್ಬಿನ ಮೇಲೆ ಕೈಯಿಟ್ಟುಕೊಂಡು, ಮುಂದಿನ ಬಸ್ಸಿಗಾಗಿ ನೋಡತೊಡಗಿದ.