ಕಡ ತಂದ ಜಾಯಿಕಾಯಿ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ಅಂಗಡಿಗಳು ಕಣ್ಣಿಗೆ ಕಾಣದೆ ಮೂಗಿಗೆ ಮಾತ್ರ ಗೊತ್ತಾಗುತ್ತಿದ್ದವು. ಇದು ಬ್ರೆಡ್ಡಿನವನದು, ಇದು ಚಪ್ಪಲಿಯವನದು. ಲವಂಗದ ವಾಸನೆ ಬಂದ ಕಡೆ ಇಸ್ತ್ರಿಯವಳು ನಿಂತಳು. ಹಿಂದೆ ಮುಂದೆ ನೋಡಿದಳು. ಮಂಜನ್ನು ಇಳಿಸಿದ ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಮೆಟ್ಟಿಲು ಹತ್ತಿದಳು. ಅವಳು ಬಂದ ಕೆಲಸವನ್ನು ಯಾರೂ ನೋಡಬಾರದಿತ್ತು.

ಅವಳಿಗೆ ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಹಾಕುವ ಕೆಲಸ. ಗಂಡ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮದುವೆಯಾಗಿ ಒಂಬತ್ತು ವರ್ಷ. ಜಗಳವಿಲ್ಲ, ಮುನಿಸಿಲ್ಲ. ಆದರೆ ಎಂಟು ತಿಂಗಳಿಂದ ಅವನು ಅವಳನ್ನು ಮುಟ್ಟಿರಲಿಲ್ಲ. ಸಂಜೆ ಬಂದವನು ನಲ್ಲಿಯ ಕೆಳಗೆ ಕೈಯಿಟ್ಟು ನಿಂತರೆ ಅರ್ಧ ಗಂಟೆ. ಮೊದಲು ಸೋಪು, ಆಮೇಲೆ ನಿಂಬೆಸಿಪ್ಪೆ, ಮತ್ತೆ ಸೋಪು. ಆಮೇಲೆ ಹಾಸಿಗೆಯ ಅಂಚಿನಲ್ಲಿ, ಎರಡೂ ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ತನ್ನ ಹತ್ತಿರ ಬರುವುದನ್ನು ಮುಂದೂಡಲೆಂದೇ ಅವನು ನಲ್ಲಿಯ ಬಳಿ ನಿಲ್ಲುತ್ತಾನೆ, ತಾನು ಬೇಡವಾಗಿದ್ದೇನೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಜೊತೆಗೆ ಕೆಲಸ ಮಾಡುವ ಹಿರಿಯಳೊಬ್ಬಳಿದ್ದಳು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಅವಳೇ ಮಾತು ತೆಗೆದಳು.

"ಅಂಜೂರ, ಖರ್ಜೂರ, ದಾಳಿಂಬೆ, ಎಲ್ಲಾ ತಿನ್ನಿಸಿ ನೋಡಿದೀನಿ ಕಣೇ. ಕೊನೆಗೆ ಒಂದು ತಿಂಗಳು ಹಸಿ ಈರುಳ್ಳಿ ಕೊಟ್ಟೆ. ಅವರಿಗೇನೂ ಆಗ್ಲಿಲ್ಲ, ನಾನೇ ಬೇರೆ ಕೋಣೇಲಿ ಮಲಗಬೇಕಾಯ್ತು."

ನಕ್ಕು ಮುಗಿದ ಮೇಲೆ, ಮಸಾಲೆ ಅಂಗಡಿಯ ಅಜ್ಜಿಯ ಹತ್ತಿರ ಹೋಗು ಎಂದು ಕಿವಿಯಲ್ಲಿ ಹೇಳಿದ್ದಳು.

ಈಗ ಆ ಅಂಗಡಿಯೊಳಗೆ ನಿಂತ ಇಸ್ತ್ರಿಯವಳು ಮೊದಲು ಜೀರಿಗೆ ಕೇಳಿದಳು. ಅಜ್ಜಿ ಕಟ್ಟಿಕೊಟ್ಟಳು. ಮೆಣಸು ಕೇಳಿದಳು. ಅದನ್ನೂ ಕಟ್ಟಿಕೊಟ್ಟಳು. ಮೂರನೆಯದಕ್ಕೆ ಬಾಯಿ ಬರಲಿಲ್ಲ.

"ಜೀರಿಗೆಗೆ ಯಾರೂ ಇಷ್ಟು ಬೆವರೋದಿಲ್ಲ ಮಗಳೇ," ಎಂದಳು ಅಜ್ಜಿ.

ಬಾದಾಮಿ, ಕೇಸರಿ, ಜೇನನ್ನು ಅಜ್ಜಿ ಮಾರಿದಳು. ಕೊನೆಗೆ ಗೋಡೆಯ ಮೂಲೆಯ ಚಿಕ್ಕ ಡ್ರಾಯರಿನಿಂದ ಒಂದು ಜಾಯಿಕಾಯಿ ತೆಗೆದು, ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿ ಅವಳ ಅಂಗೈಯಲ್ಲಿಟ್ಟಳು. ಅದರ ಒಂದು ಬದಿ ತೇದು ತೇದು ಚಪ್ಪಟೆಯಾಗಿತ್ತು.

"ಇದನ್ನ ಮಾರೋದಿಲ್ಲ, ಕಡ ಕೊಡ್ತೀನಿ. ಕೊಂಡುಕೊಂಡು ಹೋದವರು ತಿರುಗಿ ಬರೋದಿಲ್ಲ. ಕಡ ತಗೊಂಡವರು ಬರಲೇಬೇಕಲ್ಲ, ಆಗ ಮುಖ ನೋಡ್ತೀನಿ. ಎಷ್ಟು ಮನೆ ಕಲ್ಲು ಕಂಡಿದೆಯೋ ಇದು. ನೀನೇ ಮೊದಲನೆಯವಳಲ್ಲ, ತಿಳ್ಕೋ."

ಇಂಥ ಕೆಲಸಕ್ಕೆ ಬಂದವರ ಕಿವಿಯನ್ನು ನಾಚಿಕೆ ಮುಚ್ಚಿರುತ್ತದೆಂದು ಅಜ್ಜಿಗೆ ಗೊತ್ತು. ಆದ್ದರಿಂದ ಚೀಟಿ ಬರೆದುಕೊಡುವುದು ಅವಳ ರೂಢಿ. ಬಾಯಲ್ಲೂ ಹೇಳಿದಳು: ಕಲ್ಲಿನ ಮೇಲೆ ಮೂರು ಸುತ್ತು ಸಾಕು, ಇಬ್ಬರೂ ಒಂದೇ ಲೋಟದಲ್ಲಿ ಕುಡಿಯಿರಿ ಎಂದು. ಅಷ್ಟರಲ್ಲಿ ಮಂಜಿನೊಳಗೆ ಯಾರದೋ ಹೆಜ್ಜೆ ಸಪ್ಪಳವಾಯಿತು. ಇಸ್ತ್ರಿಯವಳು ಬಾಗಿಲ ಕಡೆ ನೋಡುತ್ತಿದ್ದಳು. ಒಂದು ಮಾತೂ ಒಳಗೆ ಹೋಗಲಿಲ್ಲ.

ಮನೆಗೆ ಬಂದು ಚೀಟಿ ಬಿಡಿಸಿದಳು. 'ಹಾಲು ಒಂದು ಲೋಟ. ಬಾದಾಮಿ ಏಳು. ಕೇಸರಿ ನಾಲ್ಕು ಎಳೆ. ಜಾಯಿಕಾಯಿ ಅರೆ. ಜೇನು ಒಂದು ಚಮಚ.'

ಏಳೆಂದರೆ ಏಳು, ನಾಲ್ಕೆಂದರೆ ನಾಲ್ಕು. ಇಷ್ಟು ಅಂಕಿಗಳ ನಡುವೆ ಕೂತ ಅರೆ, ಅರ್ಧವಲ್ಲದೆ ಇನ್ನೇನಾದೀತು? ಕಡವನ್ನು ಆಮೇಲೆ ಬೇರೆ ಕಾಯಿ ಕೊಟ್ಟು ತೀರಿಸಿದರಾಯಿತೆಂದುಕೊಂಡು, ಜಾಯಿಕಾಯಿಯನ್ನು ಚಾಕುವಿನಿಂದ ಸರಿಯಾಗಿ ಎರಡು ಹೋಳು ಮಾಡಿ, ಒಂದು ಹೋಳನ್ನು ಕುಟ್ಟಿ ಹಾಲಿಗೆ ಹಾಕಿದಳು.

ಗಂಡನಿಗೆ ಅಂದು ವಾರದ ರಜೆ. ಕಿಟಕಿಯ ಬಳಿ ಕೂತು ಯಾವುದೋ ಹಳೆಯ ಪುಸ್ತಕದ ಬೆನ್ನಿಗೆ ದಾರ ಹೊಲಿಯುತ್ತಿದ್ದ. ಇದೇನು ಹೊಸದು ಎಂದು ಕೇಳಿದ. ಬರೀ ಹಾಲು ಎಂದಳು. ಅವಳು ಮಾಡಿಕೊಟ್ಟದ್ದನ್ನು ಉಳಿಸುವ ಅಭ್ಯಾಸ ಅವನಿಗಿರಲಿಲ್ಲ. ಲೋಟದ ತಳದ ಪುಡಿಯನ್ನೂ ಬೆರಳಿನಿಂದ ಬಳಿದು ತಿಂದ.

ಮಧ್ಯಾಹ್ನದ ಹೊತ್ತಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಬಾಯಿ ಒಣಗುತ್ತಿದೆ ಎಂದ. ಕಾಲು ನನ್ನದಲ್ಲವೇನೋ ಅನ್ನಿಸುತ್ತಿದೆ ಎಂದ. ಮಲಗಿದವನು ಮಲಗಿಯೇಬಿಟ್ಟ.

"ರೀ, ಏಳಿ. ಏಳೀಂದ್ರೆ."

ಏಳು ಬಾದಾಮಿ ತಿಂದವನು ಏಳಲಿಲ್ಲ.

ಇಸ್ತ್ರಿಯವಳು ಬರಿಗಾಲಲ್ಲಿ ಓಡಿದಳು. ಮಂಜು ಯಾವಾಗಲೋ ಕರಗಿ ಬೀದಿಯಲ್ಲಿ ನಿಚ್ಚಳ ಬಿಸಿಲಿತ್ತು. ಎಲ್ಲರೂ ನೋಡಿದರು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ಬೆಳಿಗ್ಗೆ ಬಾಯಿಂದ ಹೊರಡದಿದ್ದ ಮಾತನ್ನೆಲ್ಲ ಅವರ ಎದುರಿಗೇ ಹೇಳಿ, ಉಳಿದ ಹೋಳನ್ನೂ ಚೀಟಿಯನ್ನೂ ಮುಂದೆ ಚಾಚಿದಳು. ಅಜ್ಜಿ ತನ್ನದೇ ಅಕ್ಷರವನ್ನು ಒಮ್ಮೆ ಓದಿ ಹಣೆ ಚಚ್ಚಿಕೊಂಡಳು.

"ಅರೆ ಅಂದ್ರೆ ಕಲ್ಲಿನ ಮೇಲೆ ಅರೀ ಅಂತ ಕಣೇ ತಾಯಿ. ಅರ್ಧ ಅಂತಲ್ಲ."

ಅಂಗಡಿಯನ್ನು ಗಿರಾಕಿಗಳ ಕೈಗೇ ಬಿಟ್ಟು ಅಜ್ಜಿ ಅವಳ ಮನೆಗೆ ಬಂದಳು. ನಾಡಿ ಹಿಡಿದಳು, ರೆಪ್ಪೆ ಎತ್ತಿ ನೋಡಿದಳು, ಹೆಸರು ಹಿಡಿದು ಕೂಗಿ ಅವನಿಂದ 'ಹೂಂ' ಅನ್ನಿಸಿದಳು. ಮೂರು ಸುತ್ತು ಎಬ್ಬಿಸುವುದನ್ನು ಅರ್ಧ ಕಾಯಿ ಮಲಗಿಸುತ್ತದೆ, ನಿದ್ದೆ ಇಳಿದರೆ ಸರಿಹೋಗುತ್ತಾನೆ, ಆಗಾಗ ನೀರು ಕುಡಿಸು ಎಂದಳು. ಉಸಿರು ಏರುಪೇರಾದರೆ ತಡಮಾಡದೆ ವೈದ್ಯರನ್ನು ಕರೆಸೆಂದೂ ಹೇಳಿದಳು. ಹಾಗೆ ಬರೆದ ನನ್ನದೂ ತಪ್ಪಿದೆ ಎಂದು ದೇವರಿಗೊಮ್ಮೆ, ಅವಳಿಗೊಮ್ಮೆ ಹೇಳಿ ಹೊರಟಳು. ಬಾಗಿಲಲ್ಲಿ ತಿರುಗಿ, "ಅವನ ಪಕ್ಕ ಬಿಟ್ಟು ಏಳ್ಬೇಡ," ಎಂದಳು.

ಅವಳು ಏಳಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಅವನ ಪಾದಕ್ಕೆ ಬಂತು. ಉಸಿರು ಒಂದೇ ಸಮನೆ ಹೋಗಿಬರುತ್ತಿತ್ತು. ಅವಳು ಒಂದೊಂದು ಉಸಿರಿಗೂ ಒಂದೊಂದು ಪ್ರಾರ್ಥನೆ ಸೇರಿಸುತ್ತಾ ಕೂತಳು. ಇವನು ತನ್ನ ಕಡೆ ತಿರುಗದಿದ್ದರೂ ಚಿಂತೆಯಿಲ್ಲ, ಗೋಡೆಯ ಕಡೆಯಾದರೂ ಸರಿ, ಇರಲಿ ಎಂದು ಕೇಳಿಕೊಂಡಳು. ಆಮೇಲೆ ಕಂಕುಳಿನಿಂದ ಅವನ ಕೈಯನ್ನು ಮೆಲ್ಲಗೆ ಬಿಡಿಸಿ ತನ್ನ ಮಡಿಲಲ್ಲಿಟ್ಟುಕೊಂಡಳು. ಎಂಟು ತಿಂಗಳಾಗಿತ್ತು. ನಿಂಬೆಯ ಹುಳಿಗೆ ಗೆಣ್ಣುಗಳೆಲ್ಲ ಬಿರುಕು ಬಿಟ್ಟಿದ್ದವು.

ಅವನು ನಿದ್ದೆಗಣ್ಣಲ್ಲೇ ಕೈ ಎಳೆದುಕೊಂಡ.

"ಬೇಡ. ವಾಸನೆ."

"ಏನ್ ವಾಸನೆ?"

"ಅಂಟಿಂದು. ನೀನೇ ಹೇಳಿದ್ಯಲ್ಲ... ಮುಟ್ಬೇಡಿ ಅಂತ. ಎಷ್ಟು ತೊಳೆದ್ರೂ ಹೋಗಲ್ಲ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದಳು. ಒಂದು ಸಂಜೆ ಗಿರಾಕಿಯೊಬ್ಬರ ಬಿಳಿ ಅಂಗಿಯನ್ನು ಅವಸರದ ಕೆಲಸವೆಂದು ಮನೆಗೇ ತಂದು ಇಸ್ತ್ರಿ ಹಾಕುತ್ತಿದ್ದಾಗ, ಅವನು ಹಿಂದಿನಿಂದ ಬಂದು ಕೈ ಚಾಚಿದ್ದ. ತಲೆಯೆತ್ತದೆ, "ಮುಟ್ಬೇಡಿ, ಅಂಟಿನ ವಾಸನೆ ಹತ್ತುತ್ತೆ," ಎಂದಿದ್ದಳು. ಅಂಗಿಗಾಗಿ ಆಡಿದ ಮಾತು. ಮಡಚಿ ಇಡುವಷ್ಟರಲ್ಲಿ ಮರೆತುಹೋದ ಮಾತು.

"ಅದು ಅಂಗಿಗೆ ಕಣ್ರೀ," ಎಂದಳು. "ನನಗಲ್ಲ."

ಅವನು ಕಷ್ಟಪಟ್ಟು ಕಣ್ಣು ತೆರೆದ.

"ಅಂಗಿಗಾ?"

"ಅಂಗಿಗೆ."

ಅವಳು ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಂಟಿಗೆಂದು ಬೇಯಿಸಿದ ಹಿಟ್ಟು, ಹಳೆಯ ಕಾಗದ, ಅದರಡಿಯಲ್ಲಿ ಸ್ವಲ್ಪ ನಿಂಬೆ. ಮದುವೆಯಾದ ದಿನದಿಂದ ಈ ವಾಸನೆ ಬಂದರೆ ಸಾಕು, ತನ್ನವನು ಮನೆಗೆ ಬಂದ ಎಂದು ಅವಳ ಮೈಗೆ ಗೊತ್ತಾಗುತ್ತಿತ್ತು. ಮರದ ಕಾಯಿಗೆ ಪರಿಮಳವಿಟ್ಟ ದೇವರೇ ಮನುಷ್ಯರ ಕೈಗೂ ಒಂದೊಂದು ವಾಸನೆ ಇಟ್ಟಿದ್ದಾನೆ. ನಾವೋ, ಹತ್ತಿರದಲ್ಲಿರುವುದನ್ನು ತೊಳೆದು ಕಳೆದು, ದೂರದ್ದನ್ನು ತಂದು ಕುಟ್ಟುತ್ತಾ ಕೂರುತ್ತೇವೆ. ಅವನು ಮತ್ತೆ ನಿದ್ದೆಹೋದ. ಈ ಸಲ ಗೋಡೆಯ ಕಡೆಗಲ್ಲ.

ನಡೆದದ್ದನ್ನೆಲ್ಲ ಅವಳ ಬಾಯಿಂದಲೇ ಕೇಳಿದ್ದ ಗಂಡ ಐದನೆಯ ದಿನ ದೂರದ ಪೇಟೆಯಿಂದ ಒಂದು ಹೊಸ ಜಾಯಿಕಾಯಿ ತಂದ. ಕೊಟ್ಟುಬಿಡೋಣ ನಡಿ ಎಂದರೆ ಅವಳು ಒಪ್ಪಲಿಲ್ಲ.

"ಇಷ್ಟು ಹೊಸದನ್ನ ಕೊಟ್ರೆ, ಮುಂದೆ ತಗೊಂಡು ಹೋಗೋಳು ತಾನೇ ಮೊದಲು ಅಂದ್ಕೊಳ್ತಾಳೆ."

ಅವನಿಗೆ ಅರ್ಥವಾಯಿತು. ಪುಸ್ತಕದ ಅಂಚು ನಯ ಮಾಡುವ ಮರಳುಕಾಗದ ತೆಗೆದು, ಎರಡು ಸಂಜೆ ಕೂತು, ಒಂದು ಬದಿಯನ್ನು ತಾಳ್ಮೆಯಿಂದ ಉಜ್ಜಿದ. ನಲ್ಲಿಯ ಬಳಿ ನಿಲ್ಲುತ್ತಿದ್ದ ಹೊತ್ತು ಈಗ ಹೇಗೂ ಉಳಿದಿತ್ತು.

ಅವಳು ಅಂಗಡಿಗೆ ಹೋದಾಗ ಬಿಸಿಲೇರಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಅಪರಿಚಿತ ಹೆಂಗಸೊಬ್ಬಳು ಜೀರಿಗೆಯ ಪೊಟ್ಟಣ, ಮೆಣಸಿನ ಪೊಟ್ಟಣ ಎರಡನ್ನೂ ಹಿಡಿದು, ಮೂರನೆಯದಕ್ಕೆ ಬಾಯಿ ಬರದೆ ಬೆವರುತ್ತಿದ್ದಳು. ಅಜ್ಜಿ ಖಾಲಿ ಡ್ರಾಯರಿನ ಮೇಲೆ ಕೈಯಿಟ್ಟು ಇಸ್ತ್ರಿಯವಳ ಮುಖ ನೋಡಿದಳು. ನೋಡಬೇಕಾದಷ್ಟು ನೋಡಿದಳು.

ಇಸ್ತ್ರಿಯವಳು ಸೆರಗಿನಿಂದ ಜಾಯಿಕಾಯಿ ತೆಗೆದು, ತೇದ ಬದಿ ಮೇಲೆ ಬರುವಂತೆ ಅಜ್ಜಿಯ ಅಂಗೈಯಲ್ಲಿಟ್ಟಳು.